ಸ್ಪಷ್ಟನೆ: ಯುರೋಪಿನಲ್ಲಿ ಗಡಿಯಾರ ತಿರುಗಿಸುವುದು ನಿಂತಿಲ್ಲ

"ಯುರೋಪಿಯನ್ ಪಾರ್ಲಿಮೆಂಟ್ ಮತ ಹಾಕಿ, 2021ರಿಂದ ಗಡಿಯಾರ ಹಿಂದೆ-ಮುಂದೆ ಮಾಡುವ ಪದ್ಧತಿಯನ್ನೇ ರದ್ದು ಮಾಡಿತು" ಎಂಬ ಮಾತು ಹರಿದಾಡುತ್ತಿದೆ. ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು, ಚಳಿಗಾಲಕ್ಕೆ ಮತ್ತೆ ಹಿಂದಿಡುವುದು ಅಲ್ಲಿನ ಪದ್ಧತಿ. ಮತ ಬಿದ್ದದ್ದು ನಿಜ. ರದ್ದಾಗಿದೆ ಅನ್ನೋದು ತಪ್ಪು.

2019ರ ಮಾರ್ಚ್ 26ರಂದು ಸ್ಟ್ರಾಸ್‌ಬರ್ಗ್‌ನ ಪೂರ್ಣ ಅಧಿವೇಶನದಲ್ಲಿ 410 ಸದಸ್ಯರು ಪರವಾಗಿ, 192 ಮಂದಿ ವಿರುದ್ಧವಾಗಿ ಮತ ಹಾಕಿದರು. 51 ಮಂದಿ ಯಾವ ಕಡೆಗೂ ಹೋಗಲಿಲ್ಲ. ಆದರೆ ಅದು ಪಾರ್ಲಿಮೆಂಟಿನ ನಿಲುವು ಮಾತ್ರ, ಕಾನೂನಲ್ಲ. ಗೊಂದಲ ಹುಟ್ಟುವುದೇ ಇಲ್ಲಿ. ಯುರೋಪಿನ ದೇಶಗಳ ಒಕ್ಕೂಟವಾದ ಯುರೋಪಿಯನ್ ಯೂನಿಯನ್‌ನಲ್ಲಿ ಕಾನೂನಿನ ಕರಡು ತರುವುದು ಅದರ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್. ಈ ಕರಡನ್ನು 2018ರಲ್ಲಿ ತಂದಿತ್ತು. ಅದಕ್ಕೆ ಪಾರ್ಲಿಮೆಂಟ್ ಒಪ್ಪಿದರೆ ಸಾಲದು, ಸದಸ್ಯ ದೇಶಗಳ ಸಚಿವರು ಕೂರುವ ಕೌನ್ಸಿಲ್ ಕೂಡ ಒಪ್ಪಬೇಕು. ಕೌನ್ಸಿಲ್‌ನಲ್ಲಿ ಒಮ್ಮತವೇ ಮೂಡಲಿಲ್ಲ. ವರ್ಷವಿಡೀ ಬೇಸಿಗೆ ಸಮಯವೋ, ಚಳಿಗಾಲದ ಸಮಯವೋ? ಅಕ್ಕಪಕ್ಕದ ದೇಶಗಳು ಬೇರೆ ಬೇರೆ ಆರಿಸಿಕೊಂಡರೆ ಗಡಿ ದಾಟುವ ರೈಲಿನ ವೇಳಾಪಟ್ಟಿ ಏನಾಗಬೇಕು ಹೇಳಿ! 2021 ಬಂತು, ಹೋಯಿತು.

ಹಾಗಾಗಿ ಈಗಲೂ ಮಾರ್ಚ್ ಕೊನೆಯ ಭಾನುವಾರ ಬರ್ಲಿನ್‌ನಲ್ಲಿ ರಾತ್ರಿ 2 ಗಂಟೆ ಆಗುವ ಹೊತ್ತಿಗೆ ಗಡಿಯಾರ ನೇರ 3ಕ್ಕೆ ಜಿಗಿಯುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಆ ಒಂದು ಗಂಟೆ ವಾಪಸ್. ಬೆಂಗಳೂರಲ್ಲಿ ರಾತ್ರಿ 8 ಆದಾಗ ಅಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ 3:30, ಬೇಸಿಗೆಯಲ್ಲಿ ಸಂಜೆ 4:30. ಅಲ್ಲಿರುವ ಮಕ್ಕಳಿಗೆ ಫೋನ್ ಮಾಡುವ ಅಪ್ಪ-ಅಮ್ಮ ಈ ಲೆಕ್ಕ ಇಟ್ಟುಕೊಳ್ಳಿ.