ಸ್ಪಷ್ಟನೆ: ಟಯರ್ ಮೇಲೆ ಬರೆದಷ್ಟೂ ಗಾಳಿ ಹೊಡೆಸಬೇಕಿಲ್ಲ

"ದೂರದ ರೈಡ್‌ಗೆ ಎಂಟಿಬಿ (ಮೌಂಟನ್ ಬೈಕ್) ಟಯರ್ ಪಕ್ಕದಲ್ಲಿ ಬರೆದಿರುವ 65 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಪೂರ್ತಿ ಹೊಡೆಸಿ, ಸ್ಪೀಡೂ ಬರುತ್ತೆ, ಪಂಕ್ಚರೂ ಆಗಲ್ಲ" ಎಂಬ ಸಂದೇಶ ಚಿತ್ರದುರ್ಗ, ದಾವಣಗೆರೆಯ ಸೈಕಲ್ ಸವಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಆ ಅಂಕಿ ಟಯರ್ ತಡೆಯುವ ಗರಿಷ್ಠ ಮಿತಿ, ಸಲಹೆಯಲ್ಲ. ಜೋಗಿಮಟ್ಟಿಯಂಥ ಕಲ್ಲುಹಾದಿಯಲ್ಲಿ ಬಿಗಿದ ಟಯರ್ ಪ್ರತಿ ಉಬ್ಬಿಗೂ ಪುಟಿಯುತ್ತದೆ. ಮುಂದೆ ಸಾಗಬೇಕಾದ ಶಕ್ತಿ ಕುಣಿತದಲ್ಲೇ ಹೋಗುತ್ತದೆ, ನಾಲ್ಕೈದು ತಾಸಿನ ನಂತರ ಅಂಗೈ, ಸೊಂಟ ಲೆಕ್ಕ ಕೇಳುತ್ತವೆ.

ಸವಾರರ ತೂಕ ಸುಮಾರು 70 ಕೆಜಿ, ಚಕ್ರ 29 ಇಂಚು, ಟಯರ್ ಅಗಲ 2.2 ಇದ್ದರೆ ಟ್ಯೂಬ್‌ಗೆ ಮುಂದೆ 26, ಹಿಂದೆ 29 ಪಿಎಸ್‌ಐಯಿಂದ ಶುರುಮಾಡಿ. ಟ್ಯೂಬ್‌ಲೆಸ್ ಆದರೆ ಮುಂದೆ 20, ಹಿಂದೆ 23 ಸಾಕು. ರಿಮ್ ಕಲ್ಲಿಗೆ ಬಡಿದರೆ 2 ಏರಿಸಿ. ಬರೀ ಡಾಂಬರಿನಲ್ಲಿ, ಹೆದ್ದಾರಿ 48ರಂಥ ಕಡೆ, ಟ್ಯೂಬ್‌ಗೆ 35–40 ಸರಿಯೇ.

ಪಂಕ್ಚರ್ ವಿಷಯಕ್ಕೆ ಬಂದರೆ, ಟ್ಯೂಬ್ ಬಿಚ್ಚಿ ನೋಡಿ. ಅಕ್ಕಪಕ್ಕ ಎರಡು ಸೀಳು ಇದ್ದರೆ ಗಾಳಿ ಕಡಿಮೆಯಾಗಿ ರಿಮ್ ಕಚ್ಚಿದೆ. ಒಂದೇ ಸಣ್ಣ ತೂತಿದ್ದರೆ ಹೆಚ್ಚಾಗಿ ಜಾಲಿ ಮುಳ್ಳು. ಅದು 65ಕ್ಕೂ ಹೆದರುವುದಿಲ್ಲ. ಹೊಸ ಟ್ಯೂಬ್ ಹಾಕುವ ಮೊದಲು ಟಯರ್ ಒಳಗೆ ಬಟ್ಟೆ ಆಡಿಸಿ ಮುಳ್ಳಿನ ತುದಿ ಹುಡುಕಿ, ಇಲ್ಲದಿದ್ದರೆ ಅರ್ಧ ಕಿಲೋಮೀಟರಿಗೇ ಮತ್ತೆ ಕೂರಬೇಕಾಗುತ್ತದೆ. ಮುಳ್ಳಿಗೆ ಮದ್ದು ಟ್ಯೂಬ್‌ಲೆಸ್‌ನಲ್ಲಿ ಚಕ್ರಕ್ಕೆ ಸುಮಾರು 100 ಮಿ.ಲೀ. ಸೀಲೆಂಟ್, ಅಂದರೆ ತೂತನ್ನು ಒಳಗಿನಿಂದಲೇ ಮುಚ್ಚುವ ದ್ರವ. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ನೋಡಿ ತುಂಬಿಸಿ.