ಪರ–ವಿರೋಧ: ಹಳೆಯ ನುಡಿ ಕಡತಗಳನ್ನೆಲ್ಲ ಯೂನಿಕೋಡ್‌ಗೆ ಬದಲಿಸಬೇಕೆ?

ಪರ: ಕಡತ ಇದ್ದೂ ಇಲ್ಲದಂತೆ

ಯೂನಿಕೋಡ್ ಎಂದರೆ ಪ್ರತಿ ಲಿಪಿಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಅವುಗಳದ್ದೇ ಸಂಕೇತ ಕೊಡುವ ವ್ಯವಸ್ಥೆ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಆಗಿನ ವಿಂಡೋಸ್‌ಗೆ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. ಹಾಗಾಗಿ ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳು ರೋಮನ್ ಅಕ್ಷರಗಳ ಸಂಕೇತಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ನಡೆಸಿದವು. ಆ ಕಾಲಕ್ಕೆ ಅದು ಜಾಣ ಉಪಾಯವೇ.

ತುಂಡು ಎಂದರೆ ನಿಜಕ್ಕೂ ತುಂಡು. ನುಡಿಯಲ್ಲಿ ‘ಕ’ಕ್ಕೆ ಎರಡು ಸಂಕೇತ: ತಲೆಕಟ್ಟಿಲ್ಲದ ಮೈ ಒಂದು, ತಲೆಕಟ್ಟು ಇನ್ನೊಂದು. ‘ಕಿ’ ಮಾತ್ರ ಇಡಿಯಾಗಿ ಬೇರೆಯದೇ ಒಂದು. ‘ಮ’ದ ಕಥೆ ಇನ್ನೂ ವಿಚಿತ್ರ, ‘ವ’ ಬರೆದು ಪಕ್ಕಕ್ಕೊಂದು ಕೊಂಬು ಅಂಟಿಸಿದ್ದು. ಹಾಗಾಗಿ ‘ನವ’ ಎಂದು ಹುಡುಕಿದರೆ ‘ನಮ್ಮ’, ‘ನಮಗೆ’, ‘ನಮನ’ ಎಲ್ಲವೂ ಎದ್ದು ಬರುತ್ತವೆ. ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಕನ್ನಡವೇ ಇರುವುದಿಲ್ಲ, ರೋಮನ್ ಅಕ್ಷರಗಳ ಸಂತೆ. ಗೂಗಲ್‌ಗೂ ಅಷ್ಟೇ ಕಾಣುವುದು. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಕೊಟ್ಟರೆ ಬರೀ ಗದ್ದಲ. ಹುಡುಕಲಾಗದ, ಕೇಳಲಾಗದ ಕಡತವನ್ನು ಇಟ್ಟುಕೊಂಡು ಮಾಡುವುದೇನು?

ಬದಲಿಸುವುದು ಕಷ್ಟವೂ ಅಲ್ಲ, ಕ್ರಮ ತಪ್ಪಬಾರದು ಅಷ್ಟೆ. ಮೊದಲು ಮೂಲದ ನಕಲು ತೆಗೆದಿಡಿ. ಆಮೇಲೆ ಇಂಗ್ಲಿಷ್ ಪದಗಳಿಗೆ ಗುರುತು ಹಾಕಿ. ನುಡಿಯನ್ನು ಯೂನಿಕೋಡ್ ಮಾಡಿಕೊಡುವ ಪರಿವರ್ತಕ ತಂತ್ರಾಂಶದಲ್ಲಿ ಬರೀ ಪಠ್ಯವಾಗಿ ಅಂಟಿಸಿದರೆ ಫಾಂಟಿನ ಮಾಹಿತಿ ಅಳಿಸಿಹೋಗುತ್ತದೆ. ಯಾವುದು ಇಂಗ್ಲಿಷ್, ಯಾವುದು ನುಡಿ ಎಂದು ಪರಿವರ್ತಕಕ್ಕೆ ತಿಳಿಯದೆ ಇಂಗ್ಲಿಷ್ ಹೆಸರುಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ‘ಧರ್ಮ’ದ ಅರ್ಕಾವತ್ತು ನುಡಿಯಲ್ಲಿ ಕಂಡಂತೆಯೇ ‘ಮ’ದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಎಡವುವುದು ಹೆಚ್ಚಾಗಿ ಇಲ್ಲೇ. ಪುಟವಿನ್ಯಾಸಕ್ಕೆ ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಎಂಬ ಆಯ್ಕೆಯನ್ನು ಆರಿಸಿಕೊಳ್ಳಿ, ಮರೆತರೆ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ.

ಬದಲಿಸಿದರೆ ಸಾಲುಗಳು ಅತ್ತಿತ್ತಾಗಿ ಪುಟ ಜಾರುತ್ತದೆ ಎಂದು ಗೋಳಾಡುವವರು ಹಳೆಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್ ಓಡಿಸಲೆಂದೇ ಹಳೇ ಕಂಪ್ಯೂಟರಿಗೆ ದಿನಾ ಪೂಜೆ ಮಾಡುತ್ತಿದ್ದಾರೆ. ಅದು ಕೆಟ್ಟು ನಿಂತ ದಿನ ಏನು ಗತಿ? ಟೈಪಿಸ್ಟರು ಹೊಸದಾಗಿ ಕಲಿಯಬೇಕಾದ್ದೂ ಇಲ್ಲ, ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ವಿನ್ಯಾಸದ ಅದೇ ಕೀಲಿಮಣೆ ಯೂನಿಕೋಡ್‌ಗೂ ಇದೆ.

ವಿರೋಧ: ಬೇಕಾದ್ದನ್ನು ಮಾತ್ರ

ಹೊಸದನ್ನೆಲ್ಲ ಯೂನಿಕೋಡ್‌ನಲ್ಲೇ ಬರೆಯಬೇಕು, ಅದರಲ್ಲಿ ತಕರಾರಿಲ್ಲ. ಹಳೆಯದನ್ನೂ ಒಂದೂ ಬಿಡದೆ ಬದಲಿಸಬೇಕೆಂಬ ಹಟ ಯಾಕೆ ಎನ್ನುವುದಷ್ಟೇ ಪ್ರಶ್ನೆ.

ಪೇಜ್‌ಮೇಕರ್‌ನಲ್ಲಿರುವ 400 ಪುಟಗಳ ಪುಸ್ತಕ ತೆಗೆದುಕೊಳ್ಳಿ. ಹೊಸ ಫಾಂಟಿನ ಅಕ್ಷರದ ಅಗಲ ಬೇರೆ, ಸಾಲು ಮುರಿಯುವ ಜಾಗ ಬೇರೆ. ಪುಟ ಜಾರಿತು ಎಂದರೆ ಪರಿವಿಡಿ, ಪದಸೂಚಿ ಎಲ್ಲ ಹೊಸದಾಗಿ ಆಗಬೇಕು. ಪರಿವರ್ತಕ ಎಲ್ಲಿ ಎಡವಿತೆಂದು ತಿಳಿಯಲು ಮೊದಲಿಂದ ಕೊನೆಯವರೆಗೆ ಕರಡು ತಿದ್ದಬೇಕು. ಯಾರೂ ಕೇಳದ ಪುಸ್ತಕಕ್ಕೆ ಈ ಕೂಲಿ ಕೊಡುವವರಾರು?

ಇನ್ನು ಹುಡುಕಾಟ. ಯೂನಿಕೋಡ್ ಮಾಡಿದಾಕ್ಷಣ ಎಲ್ಲ ಸಿಗುತ್ತದೆಂಬ ಭರವಸೆ ಬೇಡ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿದ ‘ಬ೦ದ’ ನೋಡಲು ‘ಬಂದ’ದಂತೆಯೇ ಇರುತ್ತದೆ, ಹುಡುಕಿದರೆ ಎಷ್ಟೋ ಕಡೆ ಸಿಗುವುದಿಲ್ಲ. ‘ರ‍್ಯಾಂಕ್’ ಬರೆಯಲು ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಬೇಕು. ಕೆಲವರು ಅದನ್ನು ಹಲಂತದ (್) ಮುಂಚೆ ಹಾಕಿದ್ದಾರೆ, ಕೆಲವರು ಆಮೇಲೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು. ಬರೀ ಸಂಕೇತಗಳ ಕ್ರಮದಲ್ಲಿ ಪಟ್ಟಿ ಮಾಡಿಸಿದರೆ ‘ಳ’ ಹೋಗಿ ‘ಲ’ದ ಬೆನ್ನಿಗೆ ಕೂರುತ್ತದೆ, ವರ್ಣಮಾಲೆಯಲ್ಲಿ ಅದರ ಜಾಗ ‘ಹ’ದ ಆಚೆ.

ಮರುಮುದ್ರಣಕ್ಕೆ ಬಂದದ್ದನ್ನು ಆಗ ಬದಲಿಸಿದರಾಯಿತು. ಉಳಿದವಕ್ಕೆ ಫಾಂಟ್ ಸೇರಿಸಿದ ಪಿಡಿಎಫ್ ಒಂದು ಮಾಡಿ, ಮೂಲ ಕಡತದ ಫೋಲ್ಡರಿನಲ್ಲೇ ಆ ಫಾಂಟ್ ಫೈಲನ್ನೂ ಇಟ್ಟರೆ ಸಾಕು.