ತಲೆ ಮೇಲಿನ ಟಾರ್ಚು, ಕೈಯಲ್ಲಿನ ಬ್ಯಾಟರಿ

ಗ್ಲಾಸ್ಗೋದಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟೂ ಮುಕ್ಕಾಲರ ಹೊತ್ತಿಗೆ. ಮಧ್ಯಾಹ್ನ ಮೂರೂ ಮುಕ್ಕಾಲಿಗೆಲ್ಲ ಮುಳುಗಿಯೂ ಆಯ್ತು. ಹಾಗಾಗಿ ಸ್ಕಾಟ್ಲೆಂಡ್‌ನಲ್ಲಿ ಹೆಡ್ ಟಾರ್ಚ್ ಅನ್ನೋದು ಬೆಟ್ಟ ಹತ್ತುವವರ ಶೋಕಿ ಅಲ್ಲ. ನಾಯಿ ತಿರುಗಾಡಿಸುವವರು, ಕೆಲಸ ಮುಗಿಸಿ ಓಡಲು ಹೊರಡುವವರು, ಎಷ್ಟೋ ಜನರ ಹಣೆಯ ಮೇಲೆ ಒಂದು ದೀಪ ಇದ್ದೇ ಇರುತ್ತದೆ. ಸೂರ್ಯೋದಯದ ಫೋಟೋ ಹುಚ್ಚಿದ್ದವರಿಗಂತೂ ಈ ಚಳಿಗಾಲ ಒಳ್ಳೆಯ ಕಾಲ. ಬೆಂಗಳೂರಿನವರ ಹಾಗೆ ಅಪರಾತ್ರಿ ಎದ್ದು ನಂದಿಬೆಟ್ಟದ ಗೇಟಿನ ಮುಂದೆ ಕಾರಿನ ಸಾಲಲ್ಲಿ ನಿಲ್ಲಬೇಕಿಲ್ಲ. ಐದೂವರೆಗೆ ಎದ್ದರೂ ಎರಡು ಗಂಟೆ ಡ್ರೈವ್ ಮಾಡಿ ಗ್ಲೆನ್‌ಕೋ ಕಣಿವೆಗೆ ಹೊತ್ತಿಗೆ ಸರಿಯಾಗಿ ತಲುಪಬಹುದು. ಜೂನ್‌ನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ, ಅದು ಬೇರೆ ಮಾತು. ಆಗ ನಾಲ್ಕೂವರೆಗೇ ಸೂರ್ಯ.

ಊರಿಂದ ಕ್ಯಾಮೆರಾ ಹಿಡಿದ ಹುಡುಗರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಎಷ್ಟು ಲೂಮೆನ್‌ದು ತಗೊಳ್ಲಿ ಅಣ್ಣಾ?" ಲೂಮೆನ್ ಅಂದರೆ ದೀಪ ಒಟ್ಟು ಎಷ್ಟು ಬೆಳಕು ಚೆಲ್ಲುತ್ತದೆ ಅನ್ನುವ ಅಳತೆ. ಇಲ್ಲಿನ ಅಂಗಡಿಗಳಲ್ಲೂ ಡಬ್ಬದ ಮೇಲೆ ಅದೇ ಸಂಖ್ಯೆ ಎಲ್ಲಕ್ಕಿಂತ ದಪ್ಪಗೆ ಇರುತ್ತದೆ. ನನ್ನ ಕೇಳಿದರೆ, ಫೋಟೋ ತೆಗೆಯುವವರು ನೋಡಬೇಕಾದ್ದು ಟಾರ್ಚು ಎಷ್ಟು ಜೋರಾಗಿ ಉರಿಯುತ್ತದೆ ಅಂತ ಅಲ್ಲ, ಎಷ್ಟು ಸಣ್ಣಗೆ ಉರಿಯಬಲ್ಲದು ಅಂತ. ಅದರ ಜೊತೆಗೆ ಇನ್ನೊಂದು ಮಾತು ಹೇಳುತ್ತೇನೆ, ಇಲ್ಲಿನ ಗೆಳೆಯರು ಇದಕ್ಕೆ ತಲೆ ಆಡಿಸುವುದಿಲ್ಲ. ದೀಪ ತಲೆ ಮೇಲೇ ಇರಬೇಕು ಅನ್ನುವುದು ಅರ್ಧ ಮಾತ್ರ ಸರಿ. ಬ್ಯಾಟರಿಯನ್ನು, ಅಂದರೆ ಕೈ ಟಾರ್ಚನ್ನು ಹಿಡಿದು, ತೋಳು ಇಳಿಬಿಟ್ಟು, ಕಾಲಿನ ಮುಂದೆ ಬೆಳಕು ಬಿಟ್ಟುಕೊಂಡು ನಡೆಯುವ ನಮ್ಮ ಮಲೆನಾಡಿನ ಕ್ರಮವೇ ನಡೆಯುವುದಕ್ಕೆ ಮೇಲು.

ಯಾಕೆ ಅಂತ ಫೋಟೋಗ್ರಾಫರಿಗೆ ಬಿಡಿಸಿ ಹೇಳಬೇಕಿಲ್ಲ. ಕ್ಯಾಮೆರಾದ ಮೇಲೆಯೇ ಇರುವ ಫ್ಲ್ಯಾಶ್ ಹೊಡೆದರೆ ಮುಖ ಚಪ್ಪಟೆ ಕಾಣುತ್ತದೆ ಅಲ್ವಾ? ಹೆಡ್ ಟಾರ್ಚ್ ಮಾಡುವುದೂ ಅದನ್ನೇ. ದೀಪ ಕಣ್ಣಿನ ಪಕ್ಕದಲ್ಲೇ ಇರುವುದರಿಂದ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗುತ್ತದೆ. ಗುಂಡಿ ಯಾವುದು, ಉಬ್ಬು ಯಾವುದು ತಿಳಿಯುವುದಿಲ್ಲ. ಅದೇ ಬೆಳಕು ಮೊಣಕಾಲಿನ ಮಟ್ಟದಿಂದ ಬಂದರೆ ಪ್ರತಿ ಕಲ್ಲಿಗೂ ಉದ್ದ ನೆರಳು. ದಾರಿಯ ಏರುಪೇರು ಎಲ್ಲ ಎದ್ದು ಕಾಣುತ್ತದೆ. ಒಣ ಎಲೆಯ ಬಣ್ಣದಲ್ಲೇ ಬಿದ್ದಿರುವ ಕೊಳಕುಮಂಡಲ ಸುಮ್ನೆ ಮೇಲಿಂದ ಬೆಳಕು ಬಿಟ್ಟರೆ ಎಲೆಯಾಗೇ ಉಳಿಯುತ್ತದೆ, ಅಡ್ಡ ಬೆಳಕಿಗೆ ಹಾವಾಗಿ ಕಾಣುವ ಸಾಧ್ಯತೆ ಜಾಸ್ತಿ. ನಮ್ಮ ಹಿರಿಯರು ಇದನ್ನೆಲ್ಲ ಲೆಕ್ಕ ಹಾಕಿ ಮಾಡಿದ್ದಲ್ಲ. ಮೂರು ಸೆಲ್ಲಿನ ಸ್ಟೀಲ್ ಬ್ಯಾಟರಿಯ ಭಾರಕ್ಕೆ ಕೈ ತಾನಾಗೇ ಇಳಿಯುತ್ತಿತ್ತು, ಅಷ್ಟೇ.

ಮಂಜಿನಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಗ್ಲೆನ್‌ಕೋಗೆ ಮುಂಚೆ ಸಿಗುವ ರಾನಕ್ ಮೂರ್ ದೊಡ್ಡ ಜೌಗು ಬಯಲು. ಅಲ್ಲಿನ ಚಿಕ್ಕ ಚಿಕ್ಕ ಕೆರೆಗಳ ಮೇಲೆ ಬೆಳಿಗ್ಗೆ ಕೂರುವ ಮಂಜಿಗಾಗಿಯೇ ಜನ ಕ್ಯಾಮೆರಾ ಹೊತ್ತು ಬರುತ್ತಾರೆ. ಆ ಮಂಜಿನ ಒಳಗೆ ಹಣೆಯ ಮೇಲಿನ ದೀಪವನ್ನು ಜೋರು ಮಾಡಿದರೆ ಮೂಗಿನ ಮುಂದೆ ಬಿಳಿ ಗೋಡೆ. ಹತ್ತಿರದ ಹನಿಗಳಿಗೆ ತಾಗಿದ ಬೆಳಕು ನೇರವಾಗಿ ಕಣ್ಣಿಗೇ ವಾಪಸ್ ಬರುತ್ತದೆ. ಕುದುರೆಮುಖದ ಹುಲ್ಲುಗಾವಲಿನಲ್ಲೂ ಇದೇ ಕತೆ. ಕಾರಿನ ಫಾಗ್ ಲೈಟನ್ನು ಕೆಳಗೆ ಇಡುವುದೂ ಇದಕ್ಕೇ. ಟಾರ್ಚನ್ನು ಹಣೆಯಿಂದ ತೆಗೆದು ಕೈಗೆ ತೆಗೆದುಕೊಂಡು ಸೊಂಟದ ಕೆಳಗೆ ಹಿಡಿದರೆ ಮುಂದಿನ ನಾಲ್ಕು ಹೆಜ್ಜೆಯಾದರೂ ಕಾಣುತ್ತದೆ.

ಇನ್ನು ಹುಳ. ಸ್ಕಾಟ್ಲೆಂಡ್‌ನಲ್ಲಿ ಬೇಸಿಗೆಯಲ್ಲಿ ಮಿಜ್ ಅನ್ನುವ ಸಣ್ಣ ಕಚ್ಚುವ ನೊಣದ ಕಾಟ ವಿಪರೀತ. ಆದರೆ ಆಗ ಇಲ್ಲಿ ಟಾರ್ಚ್ ಬೇಕಾಗುವ ಕತ್ತಲು ಇರುವುದೇ ಕಡಿಮೆ ಹೊತ್ತು. ನಮ್ಮಲ್ಲಿ ಹಾಗಲ್ಲ. ಮೊದಲ ಮಳೆ ಬಿದ್ದ ಮೇಲೆ ಆಗುಂಬೆ ಕಡೆ ಹಣೆಗೆ ದೀಪ ಕಟ್ಟಿಕೊಂಡು ನಿಂತು ನೋಡಿ. ರೆಕ್ಕೆ ಬಂದ ಗೆದ್ದಲು, ಪತಂಗ ಎಲ್ಲ ಮುಖಕ್ಕೇ ಬಂದು ಬಡಿಯುತ್ತವೆ. ಬಾಯಿ ತೆರೆದು ಮಾತಾಡುವ ಹಾಗಿಲ್ಲ.

ಹಾಗಂತ ಹೆಡ್ ಟಾರ್ಚ್ ಬೇಡವೇ ಬೇಡ ಅನ್ನಲಾರೆ. ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಟ್ರೈಪಾಡ್ ಬಿಡಿಸಿದ ಕ್ಷಣದಿಂದ ಎರಡು ಕೈಯೂ ಸಾಲದು. ಕಾಲು ಸರಿ ಮಾಡಬೇಕು, ಕ್ಯಾಮೆರಾದ ಬುಡದ ಪ್ಲೇಟ್ ಅದರ ಮೇಲೆ ಕೂರಿಸಬೇಕು, ಫಿಲ್ಟರ್ ಒರೆಸಬೇಕು, ಲೆನ್ಸಿನ ಮುಂದಿನ ಗಾಜಿನ ಮೇಲೆ ಇಬ್ಬನಿ ಕೂತಿದೆಯಾ ನೋಡಬೇಕು. ಬಾಯಲ್ಲಿ ಫೋನ್ ಕಚ್ಚಿಕೊಂಡು ಇದನ್ನೆಲ್ಲ ಮಾಡುವವರನ್ನು ಹಂಪಿಯ ಮಾತಂಗ ಬೆಟ್ಟದ ಮೇಲೆ ಬೇಕಾದಷ್ಟು ಸಲ ಕಂಡಿದ್ದೇನೆ. ಹಣೆಯ ದೀಪದ ಬೆಲೆ ಗೊತ್ತಿರುವ ಜನ ನಮ್ಮಲ್ಲೂ ಇದ್ದಾರೆ, ಆದರೆ ಅವರು ಟ್ರೆಕಿಂಗ್ ಅಂಗಡಿಗೆ ಹೋಗುವವರಲ್ಲ. ದಕ್ಷಿಣ ಕನ್ನಡದ ರಬ್ಬರ್ ತೋಟಗಳಲ್ಲಿ ಬೆಳಕು ಹರಿಯುವ ಮುಂಚೆ ಹಾಲಿಗಾಗಿ ಮರದ ತೊಗಟೆ ಕೊಯ್ಯುವವರು ಹಣೆಗೆ ದೀಪ ಕಟ್ಟಿಕೊಂಡೇ ಕೆಲಸ ಮಾಡುತ್ತಾರೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಪಂಪ್‌ಸೆಟ್ ಹಾಕಲು ಹೋಗುವ ರೈತರೂ ಅಷ್ಟೇ. ಸಂತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಚಾರ್ಜ್ ಮಾಡುವ ಹೆಡ್‌ಲೈಟ್ ಅವರ ಕೈಯಲ್ಲಿ ವರ್ಷಗಟ್ಟಲೆ ದುಡಿಯುತ್ತದೆ. ಅದರ ತೊಂದರೆ ಒಂದೇ, ಅದಕ್ಕೆ ಸಣ್ಣಗೆ ಉರಿಯಲು ಬರುವುದಿಲ್ಲ.

ಕೈ, ತಲೆ ಎರಡರ ಮಧ್ಯದ ದಾರಿಯೊಂದಿದೆ. ಪಟ್ಟಿಯನ್ನು ಸಡಿಲ ಮಾಡಿ ಟಾರ್ಚನ್ನು ಕೊರಳಿಗೆ ಹಾಕಿಕೊಂಡು ಕೆಳಮುಖ ಮಾಡುವುದು. ನಡೆಯುವಾಗ ಬೆಳಕು ಎದೆಯಿಂದ ಕೆಳಕ್ಕೆ ಬೀಳುತ್ತದೆ, ನೆರಳೂ ಸ್ವಲ್ಪ ಕಾಣುತ್ತದೆ, ಎದುರಿಗೆ ಬಂದವರ ಕಣ್ಣಿಗೂ ಕುಕ್ಕುವುದಿಲ್ಲ. ಜಾಗ ಮುಟ್ಟಿದ ಮೇಲೆ ಹಣೆಗೆ ಏರಿಸಿದರಾಯ್ತು. ಇದಕ್ಕೆ ಟಾರ್ಚಿನ ತಲೆ ಚೆನ್ನಾಗಿ ಬಗ್ಗಬೇಕು, ಬಗ್ಗಿಸಿದ ಕಡೆ ಕಟಕ್ ಅಂತ ನಿಲ್ಲಬೇಕು. ಕೊಳ್ಳುವಾಗ ನಾನು ಮೊದಲು ಬಗ್ಗಿಸಿ ನೋಡುವುದು ಅದನ್ನೇ. ಅಂಚು ಇರುವ ಕ್ಯಾಪ್ ಹಾಕುವವರು ಕ್ಯಾಪ್ ಸಮೇತ ನೋಡಿ. ಬೆಳಕು ಅಂಚಿಗೆ ತಾಗಿ ಕಣ್ಣಿಗೇ ಹೊಡೆಯುತ್ತದೆ.

ಈಗ ಸಣ್ಣ ಬೆಳಕಿನ ವಿಷಯ. ನಮ್ಮ ಕಣ್ಣು ಕತ್ತಲಿಗೆ ಸರಿಯಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಸಲ ಜೋರು ಬೆಳಕು ಕಂಡರೆ ಮತ್ತೆ ಮೊದಲಿಂದ ಶುರು. ಕತ್ತಲಲ್ಲಿ ಕೆಲಸ ಮಾಡುವ ರಾಡ್ ಅನ್ನುವ ಕೋಶಗಳಿಗೆ ಕೆಂಪು ಬೆಳಕು ಅಷ್ಟಾಗಿ ತಟ್ಟುವುದಿಲ್ಲ. ಅದಕ್ಕೇ ಫೋಟೋಗ್ರಾಫರ್‌ಗಳು ಕೆಂಪು ದೀಪ ಇರುವ ಟಾರ್ಚೇ ಬೇಕು ಅನ್ನುತ್ತಾರೆ. ಇದ್ದರೆ ಒಳ್ಳೆಯದೇ. ಆದರೆ ಕೆಂಪಿಗೆ ಹೋಗಲು ಬಿಳಿ ದೀಪದ ಎಲ್ಲ ಹಂತ ದಾಟಬೇಕಾದ ಟಾರ್ಚು ಇದ್ದೂ ಇಲ್ಲದ ಹಾಗೆ. ಇನ್ನೊಂದು, ಕೆಂಪು ದೀಪ ಹಚ್ಚಿಕೊಂಡು ಕ್ಯಾಮೆರಾದ ಪರದೆಯನ್ನು ಪೂರ್ತಿ ಬೆಳಗಿಸಿ ದಿಟ್ಟಿಸಿದರೆ ಏನು ಉಪಯೋಗ? ಮೊದಲು ಪರದೆಯ ಬೆಳಕು ಇಳಿಸಿ. ಇಳಿಸದಿದ್ದರೆ ಕತ್ತಲಲ್ಲಿ ಫೋಟೋ ಇರುವುದಕ್ಕಿಂತ ಬೆಳ್ಳಗೆ ಕಂಡು ಮೋಸವಾಗುತ್ತದೆ. ಫೋಟೋದಲ್ಲಿ ಕಪ್ಪು ಎಷ್ಟು, ಬಿಳಿ ಎಷ್ಟು ಅಂತ ಕ್ಯಾಮೆರಾ ತೋರಿಸುವ ಗ್ರಾಫ್, ಅಂದರೆ ಹಿಸ್ಟೋಗ್ರಾಮ್ ನಂಬಿ, ಕಣ್ಣನ್ನಲ್ಲ.

ನನಗೆ ಕೆಂಪಿಗಿಂತ ಒಂದೆರಡು ಲೂಮೆನ್‌ನ ಮಂಕು ಬಿಳಿ ಬೆಳಕೇ ಇಷ್ಟ. ಕೆಂಪು ಬೆಳಕಲ್ಲಿ ಬಣ್ಣಗಳೇ ಸಾಯುತ್ತವೆ. ಇಲ್ಲಿನ ಸರ್ವೆ ಇಲಾಖೆಯಾದ ಆರ್ಡ್‌ನೆನ್ಸ್ ಸರ್ವೆಯ ನಕ್ಷೆಯಲ್ಲಿ ಎತ್ತರದ ಗೆರೆಗಳು ಕಿತ್ತಳೆ ಬಣ್ಣದವು. ಕೆಂಪು ದೀಪದ ಕೆಳಗೆ ಬೆಟ್ಟವೇ ಮಾಯ. ಫೋಟೋಗೂ ಕೆಂಪು ಅಪಾಯ. ಮೂವತ್ತು ಸೆಕೆಂಡಿನ ಎಕ್ಸ್‌ಪೋಶರ್ ನಡೆಯುವಾಗ, ಅಂದರೆ ಕ್ಯಾಮೆರಾ ಅಷ್ಟು ಹೊತ್ತು ಕಣ್ಣು ತೆರೆದು ಬೆಳಕು ಹೀರುತ್ತಿರುವಾಗ, ಯಾರಾದರೂ ಕೆಂಪು ದೀಪದಲ್ಲಿ ಹಾದುಹೋದರೆ ಮುಂದಿನ ಬಂಡೆಗೆಲ್ಲ ಕುಂಕುಮ. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ತೊಳೆಯುವುದು ಕಷ್ಟ.

ಜೋರು ಬೆಳಕು ಬೇಕಾಗುವುದು ಎರಡೇ ಹೊತ್ತು. ದಾರಿ ಎಲ್ಲಿ ತಪ್ಪಿತು ಅಂತ ದೂರ ನೋಡಲು ಒಂದು. ಮುಂದಿನ ಕಲ್ಲಿಗೆ ಬೆಳಕು ಬಿಟ್ಟು ಆಟೋಫೋಕಸ್ ಹಿಡಿಸಿ, ಆಮೇಲೆ ಅದು ಕದಲದ ಹಾಗೆ ಮ್ಯಾನ್ಯುಯಲ್‌ಗೆ ತಿರುಗಿಸಲು ಇನ್ನೊಂದು. ಅದಕ್ಕೆ 300 ಲೂಮೆನ್ ಧಾರಾಳ. ಒಂದೇ ಥರದ ಲೆನ್ಸ್ ಇರುವ ಟಾರ್ಚುಗಳಲ್ಲಿ ಬೆಳಕು ಎರಡು ಪಟ್ಟಾದರೆ ದೂರ ಎರಡು ಪಟ್ಟಾಗುವುದಿಲ್ಲ. ಅದಕ್ಕೆ ನಾಲ್ಕು ಪಟ್ಟು ಬೆಳಕು ಬೇಕು. ದುಡ್ಡು ಮತ್ತು ಬ್ಯಾಟರಿ ಮಾತ್ರ ಅದಕ್ಕೆ ತಕ್ಕ ಹಾಗೆ ಖಾಲಿಯಾಗುತ್ತವೆ.

ಡಬ್ಬದ ಮೇಲಿನ ಗಂಟೆಗಳ ಲೆಕ್ಕವನ್ನೂ ಸ್ವಲ್ಪ ಅನುಮಾನದಿಂದ ನೋಡಿ. ಒಳ್ಳೆಯ ಕಂಪನಿಗಳು ಪಾಲಿಸುವ ಎಫ್‌ಎಲ್ 1 ಅನ್ನುವ ಅಮೆರಿಕದ ಮಾನದಂಡ 2009ರಲ್ಲಿ ಬಂತು. ಅದರ ಪ್ರಕಾರ ಟಾರ್ಚಿನ ಬೆಳಕು ಶುರುವಿನ 10 ಶೇಕಡಾಕ್ಕೆ ಇಳಿಯುವವರೆಗಿನ ಹೊತ್ತೇ ಅದರ ಬಾಳಿಕೆ. ಅಂದರೆ ಕೊನೆಯ ಗಂಟೆಗಳಲ್ಲಿ 300 ಇದ್ದದ್ದು 30ರ ಹತ್ತಿರ ಬಂದಿದ್ದರೂ ಲೆಕ್ಕದಲ್ಲಿ ಅದು ಉರಿಯುತ್ತಲೇ ಇದೆ. ಮಾನದಂಡದ ಹೆಸರೇ ಇಲ್ಲದ ಡಬ್ಬದ ಮೇಲೆ 50,000 ಲೂಮೆನ್ ಅಂತ ಬರೆದಿದ್ದರೆ ಅದನ್ನು ಅಲ್ಲೇ ಇಟ್ಟುಬಿಡಿ.

ಚಳಿಯ ವಿಷಯದಲ್ಲಿ ಎರಡೂ ಕಡೆಯ ಲೆಕ್ಕ ಬೇರೆ. ಇಲ್ಲಿ ಸೊನ್ನೆಗಿಂತ ಕೆಳಗೆ ಹೋದಾಗ ಸಾಮಾನ್ಯ ಆಲ್ಕಲೈನ್ ಸೆಲ್ ಬೇಗ ಸೋಲುತ್ತದೆ. ಚಾರ್ಜ್ ಮಾಡುವ ಲಿಥಿಯಂ ಅಯಾನ್ ಕೂಡ ಸ್ವಲ್ಪ ಕುಗ್ಗುತ್ತದೆ. ಒಂದೇ ಸಲ ಬಳಸುವ ಲಿಥಿಯಂ ಸೆಲ್‌ಗಳು ಮೈನಸ್ 40 ಡಿಗ್ರಿವರೆಗೂ ತಡೆಯುತ್ತವೆ, ಆದರೆ ಬೆಲೆ ಜಾಸ್ತಿ. ಫ್ರಾನ್ಸಿನ ಪೆಟ್ಜಲ್ ಕಂಪನಿ 2000ದಲ್ಲಿ ಟಿಕ್ಕಾ ಅನ್ನುವ ಪುಟ್ಟ ಎಲ್‌ಇಡಿ ಹೆಡ್ ಟಾರ್ಚ್ ತಂದಿತ್ತು. ಈಗಿನ ಟಿಕ್ಕಾದಲ್ಲಿ ಮೂರು ಎಎಎ ಸೆಲ್ಲೂ ಹಾಕಬಹುದು, ಅವರದ್ದೇ ಚಾರ್ಜ್ ಮಾಡುವ ಬ್ಯಾಟರಿಯೂ ಕೂರುತ್ತದೆ. ಇಂಥ ಎರಡು ಬಗೆಯ ವ್ಯವಸ್ಥೆ ಇರುವುದನ್ನೇ ನಾನು ಆರಿಸುವುದು. ಎಎಎ ಸೆಲ್ ಕುದುರೆಮುಖದ ಹತ್ತಿರದ ಹಳ್ಳಿ ಸಂಸೆಯ ಅಂಗಡಿಯಲ್ಲೂ ಸಿಗುತ್ತದೆ. ಗ್ಲೌಸ್ ಹಾಕಿದ ಬೆರಳಿಗೆ ಸಿಗುವ ದೊಡ್ಡ ಬಟನ್ ಇಲ್ಲಿ ಬೇಕೇ ಬೇಕು. ನಮ್ಮಲ್ಲಿ ಅದರ ಬದಲು ನೀರು ತಡೆಯುವುದು ಮುಖ್ಯ. ಐಪಿಎಕ್ಸ್4 ಅಂದರೆ ಎಲ್ಲ ಕಡೆಯಿಂದ ಎರಚಿದ ನೀರಿಗೆ ಸಾಕು. ಐಪಿಎಕ್ಸ್7 ಆದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತದೆ. ಮಳೆಗಾಲದ ಮಲೆನಾಡಿಗೆ ಎರಡನೆಯದನ್ನೇ ನೋಡಿ. ಮನೆಗೆ ಬಂದ ಮೇಲೆ ಆಲ್ಕಲೈನ್ ಸೆಲ್ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತಿನ್ನುತ್ತದೆ.

ಇಲ್ಲಿನವರಿಂದ ನಾನು ಕಣ್ಣು ಮುಚ್ಚಿ ಒಪ್ಪಿಕೊಂಡ ಕ್ರಮ ಅಂದರೆ ಎರಡನೇ ಟಾರ್ಚ್ ಒಯ್ಯುವುದು. ಹೆಚ್ಚುವರಿ ಸೆಲ್ ಸಾಲದು, ಕತ್ತಲಲ್ಲಿ ಸೆಲ್ ಬದಲಾಯಿಸಲೂ ಬೆಳಕು ಬೇಕಲ್ಲ. ಸ್ಕಾಟ್ಲೆಂಡ್‌ನ 2003ರ ಭೂ ಸುಧಾರಣಾ ಕಾಯ್ದೆ ಹಗಲು ರಾತ್ರಿ ಅನ್ನದೆ ಬೆಟ್ಟ ಬಯಲಲ್ಲಿ ಜವಾಬ್ದಾರಿಯಿಂದ ಓಡಾಡುವ ಹಕ್ಕು ಕೊಟ್ಟಿದೆ. ಗೇಟಿಲ್ಲ, ಟಿಕೆಟ್ಟಿಲ್ಲ, ಗೈಡ್ ಇಲ್ಲ. ಹಾಗಾಗಿ ಕೇಳುವವರೂ ಇಲ್ಲ. ತೊಂದರೆಯಾದರೆ ನಿಮಿಷಕ್ಕೆ ಆರು ಸಲ ಟಾರ್ಚ್ ಮಿನುಗಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಮಿನುಗಿಸಬೇಕು. ಹುಡುಕಿಕೊಂಡು ಬರುವ ಪಾರುಗಾಣಿಕೆ ತಂಡದವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ನಮ್ಮಲ್ಲಿ ಸ್ಕಂದಗಿರಿಯಂಥ ಬೆಟ್ಟಕ್ಕೆ ಆನ್‌ಲೈನ್ ಬುಕಿಂಗ್ ಬೇಕು, ಜೊತೆಗೆ ಜನ ಇರುತ್ತಾರೆ. ಅದೇ ಧೈರ್ಯದಲ್ಲಿ ಫೋನಿನ ಲೈಟ್ ನಂಬಿ ಹೊರಡುತ್ತೇವೆ. ದಾರಿ ನೋಡಲು, ಕರೆ ಮಾಡಲು ಬೇಕಾದ ಫೋನಿನ ಚಾರ್ಜನ್ನು ಹೀಗೆ ಸುಡುವುದು ನನಗೆ ಸರಿ ಕಾಣುವುದಿಲ್ಲ.

ಒಂದು ವ್ಯತ್ಯಾಸವನ್ನು ಮಾತ್ರ ಯಾವ ಟಾರ್ಚೂ ಸರಿಮಾಡಲಾರದು. ಬೆಂಗಳೂರಲ್ಲಿ ಸೂರ್ಯ ನೆಟ್ಟಗೆ ಏರುತ್ತಾನೆ, ಮಸುಕು ಹರಿದು ಸೂರ್ಯ ಕಾಣಲು ಇಪ್ಪತ್ತೆರಡು ಇಪ್ಪತ್ಮೂರು ನಿಮಿಷ ಸಾಕು. ಇಲ್ಲಿ ಚಳಿಗಾಲದಲ್ಲಿ ಅಷ್ಟಕ್ಕೇ ಮುಕ್ಕಾಲು ಗಂಟೆಯ ಹತ್ತಿರ. ಸೂರ್ಯ ಓರೆಯಾಗಿ ತೆವಳುತ್ತಾ ಬರುತ್ತಾನೆ. ಆ ನೀಲಿ ಹೊತ್ತಲ್ಲಿ ಟಾರ್ಚ್ ಆರಿಸಿಯೂ ನಿಧಾನವಾಗಿ ಕೆಲಸ ಮಾಡಬಹುದು. ಹಂಪಿಯಲ್ಲಿ ಆ ಪುರುಸೊತ್ತು ಇಲ್ಲ. ಅಚ್ಯುತರಾಯ ದೇಗುಲದ ಮೇಲೆ ಮೊದಲ ಬೆಳಕು ಬೀಳುವ ಮುಂಚೆ ಎಲ್ಲ ಕತ್ತಲಲ್ಲೇ ತಯಾರಾಗಿರಬೇಕು. ಹಾಗೆ ನೋಡಿದರೆ ಒಳ್ಳೆಯ ಹೆಡ್ ಟಾರ್ಚ್ ಇಲ್ಲಿಗಿಂತ ನಮ್ಮಲ್ಲೇ ಹೆಚ್ಚು ಬೇಕು.

ಸ್ಕೈ ದ್ವೀಪದ ಓಲ್ಡ್ ಮ್ಯಾನ್ ಆಫ್ ಸ್ಟಾರ್ ಬಂಡೆಯ ಎದುರು ಬೆಳಿಗ್ಗೆ ಟ್ರೈಪಾಡ್‌ಗಳ ಸಾಲೇ ಇರುತ್ತದೆ. ತಡವಾಗಿ ಬಂದವರು ದೀಪ ಇಳಿಸಿ, "ಎಕ್ಸ್‌ಪೋಶರ್ ನಡೀತಿದೆಯಾ?" ಅಂತ ಕೇಳಿ ಮುಂದೆ ದಾಟುತ್ತಾರೆ. ಎಲ್ಲರೂ ಅಲ್ಲ, ಹೆಚ್ಚಿನವರು. ಮಾತಂಗದ ಮೇಲೆ ಇದು ಬರಲು ಇನ್ನೂ ಸ್ವಲ್ಪ ದಿನ ಬೇಕೇನೋ.

ಇನ್ನು, ವಿದೇಶದಿಂದ ಬರುವಾಗ ಒಂದು ತಂದುಕೊಡು ಅನ್ನುವವರಿಗೆ. ಬೆಂಗಳೂರಿನ ಡೆಕತ್ಲಾನ್ ಕ್ರೀಡಾ ಅಂಗಡಿಯಲ್ಲೂ ಇಲ್ಲಿನ ಹಾಗೆಯೇ ಹೆಡ್ ಟಾರ್ಚ್ ಸಿಗುತ್ತದೆ. ಅಲ್ಲೇ ಹಣೆಗೆ ಕಟ್ಟಿ, ಬಗ್ಗಿಸಿ, ಸಣ್ಣ ಮಾಡಿ ನೋಡಿ ಕೊಳ್ಳಿ. ಕೆಟ್ಟರೆ ಬದಲಾಯಿಸುವುದೂ ಸುಲಭ. ಅಷ್ಟಾಗಿಯೂ ತರಬೇಕು ಅಂದರೆ ತರುತ್ತೇನೆ, ಆದರೆ ಬಿಡಿ ಲಿಥಿಯಂ ಬ್ಯಾಟರಿ ಚೆಕ್ ಇನ್ ಸೂಟ್‌ಕೇಸಿನಲ್ಲಿ ಹಾಕುವ ಹಾಗಿಲ್ಲ, ಕೈಚೀಲದಲ್ಲೇ ಬರಬೇಕು. ಆ ಚೀಲದಲ್ಲಿ ಆಗಲೇ ಕ್ಯಾಮೆರಾ ಇರುತ್ತದೆ. ಹಾಗಾಗಿ ಒಬ್ಬರಿಗೆ ಒಂದೇ.